ಎಚ್‌ಐವಿ ಇದ್ದವರ ಸಕ್ಕರೆ: ರಿಪೋರ್ಟ್ ನಾರ್ಮಲ್ ಬಂದರೂ ಇನ್ನೊಮ್ಮೆ ನೋಡಿ

ಎಚ್‌ಐವಿಗೆ ಮಾತ್ರೆ ನುಂಗುತ್ತಿರುವ ಒಬ್ಬರ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, 6.0 ಬಂದಿದೆ ಎಂದುಕೊಳ್ಳಿ. ರಿಪೋರ್ಟಿನ ಬದಿಯಲ್ಲಿ ಅಚ್ಚಾಗಿರುವ ಅಂಕಿಗಳನ್ನು ನೋಡಿದರೆ ಇದಿನ್ನೂ ಮಧುಮೇಹದ ಹೊಸ್ತಿಲು, ಒಳಗೆ ಕಾಲಿಟ್ಟಿಲ್ಲ. ‘ಸಿಹಿ ಕಡಿಮೆ ಮಾಡಿ, ಒಂದು ವರ್ಷ ಬಿಟ್ಟು ನೋಡೋಣ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದೇ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು ಗ್ಲುಕೋಸ್ ನೋಡಿದ್ದರೆ 135 ಬರಬಹುದಿತ್ತು. ಅದು ಮಧುಮೇಹದ ಅಂಕಿ. ಲ್ಯಾಬಿನವರು ಇಲ್ಲಿ ಏನೂ ತಪ್ಪು ಮಾಡಿಲ್ಲ. ಎಚ್‌ಐವಿ ಇರುವವರಲ್ಲಿ ಎಚ್‌ಬಿಎ1ಸಿ ಪರೀಕ್ಷೆಯೇ ನಿಜಕ್ಕಿಂತ ಕಡಿಮೆ ತೋರಿಸುವುದುಂಟು. ಇದು ಗೊತ್ತಿಲ್ಲದೆ ಕಳೆದುಹೋಗುವ ಒಂದೆರಡು ವರ್ಷಗಳಲ್ಲಿ ಕಣ್ಣು, ಕಿಡ್ನಿ, ನರಗಳಿಗೆ ಆಗುವ ಹಾನಿ ಚಿಕ್ಕದಲ್ಲ. ಅದಕ್ಕೇ ಈ ಬರಹ.

ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದನ್ನು. ಒಂದು ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದ ಸಕ್ಕರೆಯ ನಡುವೆಯೇ ಓಡಾಡುವುದರಿಂದ ಅದಕ್ಕೆ ಅಂಟಿದ್ದನ್ನು ಲೆಕ್ಕ ಹಾಕಿದರೆ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಕಣ ಬೇಗ ಸತ್ತು ಹೊಸದು ಹುಟ್ಟುತ್ತಿದ್ದರೆ ಸಕ್ಕರೆ ಅಂಟಿಕೊಳ್ಳಲು ಸಿಗುವ ಕಾಲವೇ ಕಡಿಮೆ. ಅಂಕಿಯೂ ಕೆಳಗೆ ಬರುತ್ತದೆ. ಎಚ್‌ಐವಿ ಇರುವವರಿಗೆ ಸೋಂಕು ತಡೆಯಲು ಕೊಡುವ ಡ್ಯಾಪ್ಸೋನ್ ಮಾತ್ರೆ ಕೆಂಪು ಕಣಗಳನ್ನು ಒಡೆಯುತ್ತದೆ. ಎಚ್‌ಐವಿ ಮಾತ್ರೆಯಾದ ಝಿಡೊವುಡಿನ್ ರಕ್ತಹೀನತೆ ತರುತ್ತದೆ, ಕಣಗಳ ಗಾತ್ರವನ್ನೂ ಹಿಗ್ಗಿಸುತ್ತದೆ. ಇನ್ನೊಂದು ಎಚ್‌ಐವಿ ಮಾತ್ರೆ ಅಬಕಾವಿರ್ ತೆಗೆದುಕೊಳ್ಳುವವರಲ್ಲೂ ಎಚ್‌ಬಿಎ1ಸಿ ನಿಜಕ್ಕಿಂತ ಕೆಳಗೆ ನಿಲ್ಲುವುದು ಕಂಡುಬಂದಿದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಚ್‌ಐವಿ ಇರುವವರ ಎಚ್‌ಬಿಎ1ಸಿ, ಅವರ ನಿಜವಾದ ಸಕ್ಕರೆಗಿಂತ ಡೆಸಿಲೀಟರಿಗೆ ಸರಾಸರಿ 29 ಮಿಲಿಗ್ರಾಮಿನಷ್ಟು ಕಡಿಮೆ ತೋರಿಸಿತ್ತು. ಎಚ್‌ಬಿಎ1ಸಿ ಲೆಕ್ಕಕ್ಕೆ ತಂದರೆ ಇದು ಹೆಚ್ಚು ಕಡಿಮೆ ಒಂದು ಅಂಶ. ಅಂದರೆ 6.0 ಎಂದು ಕಂಡದ್ದು ಒಳಗೆ 7.0 ಆಗಿರಬಹುದು.

ಸಂಶಯ ಇದ್ದವರು ಮನೆಯಲ್ಲೇ ತಾಳೆ ನೋಡಬಹುದು. ಮೂರು ದಿನ, ದಿನಕ್ಕೆ ಏಳು ಸಲ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ: ಮೂರು ಊಟಗಳ ಮೊದಲು, ಪ್ರತಿ ಊಟ ಶುರು ಮಾಡಿದ ಎರಡು ಗಂಟೆಗೆ, ಮಲಗುವ ಮುನ್ನ. ಎಲ್ಲದರ ಸರಾಸರಿ ತೆಗೆಯಿರಿ. ಅದಕ್ಕೆ 46.7 ಕೂಡಿಸಿ 28.7ರಿಂದ ಭಾಗಿಸಿ. ಸರಾಸರಿ 165 ಇದ್ದರೆ ಉತ್ತರ ಸುಮಾರು 7.4. ಲ್ಯಾಬ್ ರಿಪೋರ್ಟ್ ಮಾತ್ರ 6.2 ಹೇಳುತ್ತಿದ್ದರೆ ಆ ಅಂತರವನ್ನು ವೈದ್ಯರ ಮುಂದೆ ಇಡಿ. ಬೆಳಗಿನ ಖಾಲಿ ಹೊಟ್ಟೆಯ ಅಂಕಿಗಳನ್ನಷ್ಟೇ ಹಿಡಿದು ಸರಾಸರಿ ತೆಗೆದರೆ ಈ ಲೆಕ್ಕ ಕೂಡುವುದಿಲ್ಲ, ದಿನದ ಏರಿಳಿತ ಪೂರ್ತಿ ಅದರಲ್ಲಿ ಬರಬೇಕು.

ಇಲ್ಲೊಂದು ತೊಡಕಿದೆ. ರಕ್ತಹೀನತೆ ಇದ್ದಾಗ ಗ್ಲುಕೋಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಏಕೆಂದರೆ ಆ ಹನಿಯಲ್ಲಿ ಕಣಗಳು ಕಡಿಮೆ, ಪ್ಲಾಸ್ಮಾ ಜಾಸ್ತಿ. ಕಬ್ಬಿಣದ ಕೊರತೆಯ ರಕ್ತಹೀನತೆಯಾದರೆ ಎಚ್‌ಬಿಎ1ಸಿ ಕೂಡ ಮೇಲಕ್ಕೇ ವಾಲಬಹುದು. ಹಾಗಾಗಿ ಹಿಮೋಗ್ಲೋಬಿನ್ ಎಷ್ಟಿದೆ, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ಎಷ್ಟಿದೆ ಎಂದು ನೋಡದೆ ಈ ಎರಡೂ ಅಂಕಿಗಳ ಮೇಲೆ ತೀರ್ಪು ಕೊಡುವಂತಿಲ್ಲ. ರಿಪೋರ್ಟ್ ಫೈಲಿನಲ್ಲಿ ರಕ್ತದ ಪೂರ್ಣ ಎಣಿಕೆಯ ಹಾಳೆ ಸಕ್ಕರೆಯ ಹಾಳೆಯ ಪಕ್ಕದಲ್ಲೇ ಇರಲಿ.

ಯಾವಾಗ, ಯಾವ ಪರೀಕ್ಷೆ

ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಎಚ್‌ಐವಿ ಇರುವವರಿಗೆ ಖಾಲಿ ಹೊಟ್ಟೆಯ ಗ್ಲುಕೋಸ್ ನೋಡಬೇಕು; ಎಆರ್‌ಟಿ (ಎಚ್‌ಐವಿ ಅಡಗಿಸುವ ಮಾತ್ರೆಗಳ ಚಿಕಿತ್ಸೆ) ಶುರು ಮಾಡುವ ಮೊದಲು ಒಮ್ಮೆ, ಮಾತ್ರೆ ಬದಲಿಸುವಾಗ ಒಮ್ಮೆ, ಶುರು ಮಾಡಿದ ಅಥವಾ ಬದಲಿಸಿದ 3ರಿಂದ 6 ತಿಂಗಳೊಳಗೆ ಮತ್ತೊಮ್ಮೆ. ಎಲ್ಲ ಸರಿಯಿದ್ದರೆ ಆಮೇಲೆ ವರ್ಷಕ್ಕೊಮ್ಮೆ. ಇದರಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಆ ಮೂರನೆಯದು. ಮಾತ್ರೆ ಬದಲಾದ ಮೇಲೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಕೆಳಗಿಳಿದರೆ ಎಲ್ಲರಿಗೂ ಸಮಾಧಾನ, ಸಕ್ಕರೆಯನ್ನು ಕೇಳುವವರಿಲ್ಲ. ವೈರಲ್ ಲೋಡಿಗೆ ರಕ್ತ ಕೊಡಲು ಹೋಗುವ ದಿನವೇ ಖಾಲಿ ಹೊಟ್ಟೆಯಲ್ಲಿ ಹೋದರೆ ಎರಡೂ ಕೆಲಸ ಒಂದೇ ಚುಚ್ಚುವಿಕೆಯಲ್ಲಿ ಮುಗಿಯುತ್ತವೆ.

ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಫಲಿತಾಂಶ 126 ಅಥವಾ ಹೆಚ್ಚಿದ್ದರೆ ಮಧುಮೇಹ. 100ರಿಂದ 125 ಇದ್ದರೆ ಹೊಸ್ತಿಲು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಈ ಹೊಸ್ತಿಲು 110ರಿಂದ ಶುರುವಾಗುತ್ತದೆ, ಆದ್ದರಿಂದ ಒಂದೇ 104ಕ್ಕೆ ಇಬ್ಬರು ವೈದ್ಯರು ಎರಡು ಮಾತು ಹೇಳಿದರೆ ಗಾಬರಿ ಬೇಡ. ಬಾಯಾರಿಕೆ, ಪದೇಪದೇ ಮೂತ್ರದಂಥ ಲಕ್ಷಣ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆಯಲ್ಲೂ ಹೆಚ್ಚು ಬಂದ ಮೇಲೆಯೇ ಮಧುಮೇಹ ಎಂದು ಹೆಸರಿಡಬೇಕು.

ಖಾಲಿ ಹೊಟ್ಟೆಯ ಅಂಕಿ 100ರ ಆಸುಪಾಸಿನಲ್ಲೇ ತೂಗಾಡುತ್ತಿದ್ದು ಹೊಟ್ಟೆಯ ಸುತ್ತಳತೆ ಬೆಳೆಯುತ್ತಿದ್ದರೆ 75 ಗ್ರಾಂ ಗ್ಲುಕೋಸಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಎಚ್‌ಐವಿಯಲ್ಲಿ ಮೊದಲು ಏರುವುದು ಎಷ್ಟೋ ಸಲ ಊಟದ ನಂತರದ ಸಕ್ಕರೆ. ಈ ಪರೀಕ್ಷೆ ಕೆಡುವುದು ಸಿದ್ಧತೆಯಲ್ಲಿ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಿರಬೇಕು. ದಿನಕ್ಕೆ 150 ಗ್ರಾಮಿಗಿಂತ ಕಡಿಮೆ ಕಾರ್ಬೋಹೈಡ್ರೇಟ್ ತಿಂದು ಹೋದರೆ ಆರೋಗ್ಯವಂತರಲ್ಲೂ ಅಂಕಿ ಏರಿ ಕಾಣಬಹುದು. ಗ್ಲುಕೋಸನ್ನು 250ರಿಂದ 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆಯ ಲೆಕ್ಕ ಮೊದಲ ಗುಟುಕಿನಿಂದ. ನಡುವೆ ತಿರುಗಾಟ, ಬೀಡಿ ಸಿಗರೇಟು ಬೇಡ. ಕುಡಿದ ಮೇಲೆ ವಾಂತಿಯಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ. ಎರಡು ಗಂಟೆಯ ಅಂಕಿ 200 ಅಥವಾ ಹೆಚ್ಚಿದ್ದರೆ ಮಧುಮೇಹ, 140ರಿಂದ 199 ಹೊಸ್ತಿಲು.

ಲ್ಯಾಬಿನ ಕಡೆಯಿಂದಲೂ ಒಂದು ತಪ್ಪು ಸುಲಭವಾಗಿ ನಡೆದುಹೋಗುತ್ತದೆ. ಟ್ಯೂಬಿನಲ್ಲಿ ನಿಂತ ರಕ್ತದ ಕಣಗಳು ಇನ್ನೂ ಜೀವಂತ, ಅವು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ 5ರಿಂದ 7 ಶೇಕಡಾ ಗ್ಲುಕೋಸ್ ಹೀಗೆ ಕರಗುತ್ತದೆ. ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನ ಯಂತ್ರಕ್ಕೆ ಹೋದರೆ 132 ಇದ್ದದ್ದು 110ಕ್ಕೂ ಇಳಿದು ಕಾಣಬಹುದು. ಫ್ಲೋರೈಡ್ ಇರುವ ಟ್ಯೂಬಿನಲ್ಲೂ ಮೊದಲ ಒಂದೆರಡು ಗಂಟೆ ಈ ನಷ್ಟ ಪೂರ್ತಿ ನಿಲ್ಲುವುದಿಲ್ಲ. ರಕ್ತ ಸಂಗ್ರಹಿಸಿ ದೂರಕ್ಕೆ ಕಳಿಸುವ ಕಡೆಗಿಂತ, ಅಲ್ಲೇ ಬೇಗ ಪ್ಲಾಸ್ಮಾ ಬೇರ್ಪಡಿಸುವ ಕಡೆ ಕೊಡುವುದು ಮೇಲು.

ಪರೀಕ್ಷೆಯ ಬೆಳಿಗ್ಗೆ ಎಆರ್‌ಟಿ ಮಾತ್ರೆ ಏನು ಮಾಡುವುದು ಎಂಬ ಪ್ರಶ್ನೆ ಸಹಜ. ಡೊಲುಟೆಗ್ರಾವಿರ್ ಇರುವ ಮಾತ್ರೆಯನ್ನು ನೀರಿನ ಜೊತೆ ಎಂದಿನ ಹೊತ್ತಿಗೇ ತೆಗೆದುಕೊಳ್ಳಬಹುದು, ಅದಕ್ಕೆ ಊಟ ಬೇಕಿಲ್ಲ. ರಿಲ್ಪಿವಿರಿನ್, ದರುನಾವಿರ್, ಅಟಜನಾವಿರ್ ಊಟದ ಜೊತೆಗೇ ಹೋಗಬೇಕು. ಇವನ್ನು ರಕ್ತ ಕೊಟ್ಟು ತಿಂಡಿ ತಿನ್ನುವಾಗ ತೆಗೆದುಕೊಳ್ಳಿ. ಸಕ್ಕರೆ ಇಳಿಸಲೆಂದು ರಾತ್ರಿ ಊಟವನ್ನೇ ಬಿಟ್ಟು ಖಾಲಿ ಹೊಟ್ಟೆಯಲ್ಲಿ ರಿಲ್ಪಿವಿರಿನ್ ನುಂಗುವವರಿದ್ದಾರೆ. ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರದೆ ವೈರಸ್ ತಲೆ ಎತ್ತುವ ದಾರಿ ಅದು.

ಅಪಾಯ ಎಲ್ಲಿಂದ ಬರುತ್ತದೆ

ವಯಸ್ಸು, ತೂಕ, ಮನೆತನದಲ್ಲಿ ಸಕ್ಕರೆ ಕಾಯಿಲೆ ಇರುವುದು, ಓಡಾಟವಿಲ್ಲದ ಕೆಲಸ ಇವೆಲ್ಲ ಎಲ್ಲರಿಗೂ ಇರುವ ಕಾರಣಗಳೇ, ಎಚ್‌ಐವಿ ಇದ್ದವರಿಗೂ ಇವೇ ದೊಡ್ಡ ಪಾಲು. ಅದರ ಮೇಲೆ ಇನ್ನು ಕೆಲವು ಸೇರುತ್ತವೆ. ವೈರಲ್ ಲೋಡ್ ಪತ್ತೆಯಾಗದಷ್ಟು ಇಳಿದ ಮೇಲೂ ದೇಹದಲ್ಲಿ ಸಣ್ಣ ಉರಿಯೂತ ಹೊಗೆಯಾಡುತ್ತಲೇ ಇರುತ್ತದೆ. ಈ ಉರಿಯೂತದ ರಾಸಾಯನಿಕಗಳು ಸ್ನಾಯು ಮತ್ತು ಲಿವರ್ ಇನ್ಸುಲಿನ್ ಮಾತಿಗೆ ಕಿವಿಗೊಡದಂತೆ ಮಾಡುತ್ತವೆ. ಹೆಪಟೈಟಿಸ್ ಸಿ ಜೊತೆಗಿದ್ದರೆ, ಲಿವರಿನಲ್ಲಿ ಕೊಬ್ಬು ಕೂತಿದ್ದರೆ ಅಪಾಯ ಇನ್ನೂ ಹೆಚ್ಚು.

ಉಳಿದ ಪಾಲು ಔಷಧಗಳದು. 1996ರ ಸುಮಾರಿಗೆ ಬಂದ ಇಂಡಿನಾವಿರ್‌ನಂಥ ಪ್ರೋಟಿಯೇಸ್ ತಡೆಗಳೆಂಬ ಎಚ್‌ಐವಿ ಮಾತ್ರೆಗಳು ಲಕ್ಷಾಂತರ ಜೀವ ಉಳಿಸಿದವು. ಮರುವರ್ಷ, 1997ರಲ್ಲೇ, ಅವನ್ನು ತೆಗೆದುಕೊಳ್ಳುವವರಲ್ಲಿ ಸಕ್ಕರೆ ಏರುತ್ತಿದೆ ಎಂದು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಚ್ಚರಿಸಬೇಕಾಯಿತು. ರಕ್ತದ ಸಕ್ಕರೆಯನ್ನು ಸ್ನಾಯುವಿನ ಒಳಕ್ಕೆ ಸಾಗಿಸುವ ಗ್ಲುಟ್4 ಎಂಬ ಬಾಗಿಲನ್ನೇ ಇಂಡಿನಾವಿರ್ ಅಡ್ಡಗಟ್ಟುತ್ತಿತ್ತು. ಸ್ಟಾವುಡಿನ್, ಡೈಡನೊಸಿನ್, ಝಿಡೊವುಡಿನ್ ಮಾಡಿದ ಹಾನಿ ಬೇರೆ ಬಗೆಯದು. ಅವು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾವನ್ನು ಕೆಡಿಸಿ ಚರ್ಮದಡಿಯ ಕೊಬ್ಬನ್ನು ಕರಗಿಸಿದವು. ಕೆನ್ನೆ ಒಳಸೇರಿ, ಕೈಕಾಲು ಸೊರಗಿ, ಕೊಬ್ಬೆಲ್ಲ ಹೊಟ್ಟೆಯೊಳಗೆ, ಲಿವರಿನೊಳಗೆ ಶೇಖರವಾಯಿತು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎಆರ್‌ಟಿ ತೆಗೆದುಕೊಳ್ಳುತ್ತಿದ್ದ ಪುರುಷರಲ್ಲಿ ಮಧುಮೇಹ ಹೊಸದಾಗಿ ಬರುವ ಪ್ರಮಾಣ ಎಚ್‌ಐವಿ ಇಲ್ಲದವರಿಗಿಂತ ನಾಲ್ಕು ಪಟ್ಟು ಇತ್ತು. ಅದು ಆ ಕಾಲದ ಮಾತ್ರೆಗಳ ಲೆಕ್ಕ. ಈಗಿನವರಿಗೆ ಅದನ್ನೇ ಹೇಳಿ ಹೆದರಿಸುವುದು ನ್ಯಾಯವಲ್ಲ. ಸ್ಟಾವುಡಿನ್ ಬಳಕೆ ನಿಲ್ಲಿಸುತ್ತ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿತು.

ಆದರೆ ಆ ದಿನಗಳಲ್ಲಿ ಚಿಕಿತ್ಸೆ ಶುರು ಮಾಡಿದವರು ಇವತ್ತೂ ನಮ್ಮ ನಡುವೆ ಇದ್ದಾರೆ. ಅವರ ತೂಕ ಎತ್ತರದ ಲೆಕ್ಕ, ಅಂದರೆ ಬಿಎಂಐ, ಸರಿಯಾಗೇ ಇರುತ್ತದೆ. ತೆಳ್ಳಗಿನ ಕೈಕಾಲು ನೋಡಿ ‘ಇವರಿಗೆ ಸಕ್ಕರೆ ಬರಲಿಕ್ಕಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಅಲ್ಲಿ ನೋಡಬೇಕಾದದ್ದು ಸೊಂಟದ ಪಟ್ಟಿ. ಕೊನೆಯ ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಭಾಗದಲ್ಲಿ ಟೇಪು ಸುತ್ತಿ, ಉಸಿರು ಬಿಟ್ಟಾಗ ಅಳೆಯಿರಿ. ಪ್ರತಿಸಲವೂ ಅದೇ ಜಾಗದಲ್ಲಿ ಅಳೆದು ದಿನಾಂಕದೊಂದಿಗೆ ಬರೆದಿಟ್ಟರೆ, ತೂಕದ ಯಂತ್ರ ಹೇಳದ ಸಂಗತಿ ಅಲ್ಲಿ ಕಾಣುತ್ತದೆ.

ಈಗಿನ ಮುಖ್ಯ ಔಷಧ ಡೊಲುಟೆಗ್ರಾವಿರ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೊದಲ ಆಯ್ಕೆಯಾಗಿ ಸೂಚಿಸಿದ್ದು ಇದನ್ನೇ. ವೈರಸ್ಸನ್ನು ಬೇಗ ಅಡಗಿಸುತ್ತದೆ, ವೈರಸ್ ಇದಕ್ಕೆ ಸುಲಭವಾಗಿ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಜೊತೆಗೆ ತೂಕ ಏರುತ್ತದೆ. ಹೆಂಗಸರಲ್ಲಿ ಹೆಚ್ಚು, ಟೆನೊಫೊವಿರ್ ಅಲಾಫೆನಮೈಡ್ ಜೊತೆಗಿದ್ದರೆ ಇನ್ನೂ ಹೆಚ್ಚು. ದಕ್ಷಿಣ ಆಫ್ರಿಕಾದಲ್ಲಿ ನಡೆದ ಅಡ್ವಾನ್ಸ್ ಎಂಬ ಪ್ರಯೋಗ 2019ರಲ್ಲಿ ಇದನ್ನು ಎದ್ದು ಕಾಣುವಂತೆ ತೋರಿಸಿತು. ಇದರಲ್ಲಿ ಒಂದು ಭಾಗ ಕಾಯಿಲೆಯಿಂದ ಸೊರಗಿದ ಮೈ ಮತ್ತೆ ತುಂಬಿಕೊಳ್ಳುವುದು, ಅದು ಒಳ್ಳೆಯದೇ. ಇನ್ನೊಂದು ಭಾಗ, ತೂಕವನ್ನು ಹಿಡಿದಿಡುತ್ತಿದ್ದ ಎಫಾವಿರೆಂಜ್ ಅಥವಾ ಹಳೆಯ ಟೆನೊಫೊವಿರ್ (ಡೈಸೊಪ್ರಾಕ್ಸಿಲ್) ನಿಂತದ್ದರ ಪರಿಣಾಮ. ಮೊದಲೇ ಸರಿಯಾದ ತೂಕದಲ್ಲಿದ್ದವರು ಮಾತ್ರೆ ಬದಲಿಸಿದ ವರ್ಷದೊಳಗೆ ಶೇಕಡಾ 5ಕ್ಕಿಂತ ಹೆಚ್ಚು ಏರಿದರೆ ಅದನ್ನು ‘ಮೈ ಕೈ ತುಂಬಿಕೊಂಡಿತು’ ಎಂದು ಸಂಭ್ರಮಿಸುವ ಬದಲು ಸಕ್ಕರೆ ನೋಡಿಸಬೇಕು.

ಇನ್ನೊಂದು ಅಪರೂಪದ, ಆದರೆ ತುರ್ತಿನ ಸಂಗತಿ. ಡೊಲುಟೆಗ್ರಾವಿರ್‌ಗೆ ಬದಲಾದ ಕೆಲವರಲ್ಲಿ ವಾರಗಳು ಅಥವಾ ಕೆಲವೇ ತಿಂಗಳಲ್ಲಿ ಸಕ್ಕರೆ ವಿಪರೀತ ಏರಿ ಆಸ್ಪತ್ರೆ ಸೇರಬೇಕಾದ ಸ್ಥಿತಿ ಬಂದದ್ದನ್ನು ಉಗಾಂಡಾದ ವೈದ್ಯರು 2020ರಲ್ಲಿ ವರದಿ ಮಾಡಿದರು. ಇಂಥವರಲ್ಲಿ ತೂಕ ಏರುವುದಕ್ಕೆ ಬದಲು ಇಳಿಯುತ್ತದೆ. ಮೋಸ ಇರುವುದೇ ಇಲ್ಲಿ. ಎಚ್‌ಐವಿ ಇರುವವರು ಸೊರಗಿದರೆ ಎಲ್ಲರ ಯೋಚನೆ ಹೋಗುವುದು ಕ್ಷಯದ ಕಡೆಗೆ, ಇಲ್ಲವೇ ‘ಮಾತ್ರೆ ಕೆಲಸ ಮಾಡುತ್ತಿಲ್ಲ’ ಎಂಬ ಕಡೆಗೆ. ಬಾಯಲ್ಲಿ ಬಿಳಿ ಪದರ, ಗುಪ್ತಾಂಗದಲ್ಲಿ ಶಿಲೀಂಧ್ರದ ತುರಿಕೆ, ಸುಸ್ತು, ವಾಸಿಯಾಗದ ಚರ್ಮದ ಕುರು ಎಲ್ಲವನ್ನೂ ಎಚ್‌ಐವಿಯ ಲೆಕ್ಕಕ್ಕೇ ಜಮಾ ಮಾಡುತ್ತಾರೆ. ಇವೆಲ್ಲ ಮಧುಮೇಹದ ಲಕ್ಷಣಗಳೂ ಹೌದು. ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಚೆನ್ನಾಗಿದ್ದು, ವೈರಲ್ ಲೋಡ್ ಪತ್ತೆಯಾಗದಷ್ಟಿದ್ದು, ಆದರೂ ತೂಕ ಇಳಿಯುತ್ತಿದ್ದರೆ, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವಂತಾದರೆ, ಅವತ್ತೇ ಒಂದು ಬೆರಳು ಚುಚ್ಚಿ ಸಕ್ಕರೆ ನೋಡಿ. ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಕಾಯಬಾರದು. ರಕ್ತದಲ್ಲಿ ಕೀಟೋನ್ ಆಮ್ಲ ಏರಿರಬಹುದು, ಅದಕ್ಕೆ ಆಸ್ಪತ್ರೆಯೇ ಬೇಕು.

ಎಚ್‌ಐವಿಯ ಮಾತ್ರೆಯಲ್ಲದೆ ಸಕ್ಕರೆ ಏರಿಸುವ ಬೇರೆಯವೂ ಇವೆ. ನ್ಯುಮೋಸಿಸ್ಟಿಸ್ ನ್ಯುಮೋನಿಯಾಕ್ಕೆ ಕೊಡುವ 21 ದಿನದ ಪ್ರೆಡ್ನಿಸೊಲೋನ್ ಅದರಲ್ಲೊಂದು. ಸ್ಟೀರಾಯ್ಡ್ ಬೆಳಿಗ್ಗೆ ತೆಗೆದುಕೊಂಡರೆ ಸಕ್ಕರೆ ಏರುವುದು ಮಧ್ಯಾಹ್ನದಿಂದ ರಾತ್ರಿಯವರೆಗೆ, ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಸಾಧಾರಣವಾಗೇ ಇರುತ್ತದೆ. ಆಗ ನೋಡಬೇಕಾದದ್ದು ಸಂಜೆ. ಅದೇ ನ್ಯುಮೋನಿಯಾಕ್ಕೆ ಬಳಸುವ ಪೆಂಟಮಿಡಿನ್ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕಣಗಳನ್ನೇ ಹಾಳು ಮಾಡುತ್ತದೆ. ಮೊದಲು ಸಕ್ಕರೆ ಪಾತಾಳಕ್ಕೆ, ಆಮೇಲೆ ಮಧುಮೇಹ. ಹಸಿವಾಗಲೆಂದು ಕೊಡುವ ಮೆಜೆಸ್ಟ್ರಾಲ್ ಕೂಡ ಸ್ಟೀರಾಯ್ಡಿನಂತೆ ವರ್ತಿಸುತ್ತದೆ.

ಎಲ್ಲರ ಕಣ್ಣು ತಪ್ಪಿಸುವುದು, ಬೇರೆ ಎಚ್‌ಐವಿ ಮಾತ್ರೆಗಳ ಬಲ ಹೆಚ್ಚಿಸಲು ಕೊಡುವ ರಿಟೊನಾವಿರ್ ಅಥವಾ ಕೊಬಿಸಿಸ್ಟಾಟ್ ತೆಗೆದುಕೊಳ್ಳುವವರಿಗೆ ಬೇರೆ ವೈದ್ಯರು ಕೊಡುವ ಸ್ಟೀರಾಯ್ಡ್. ಮೂಗಿನ ಅಲರ್ಜಿಗೆ ಫ್ಲುಟಿಕಾಸೋನ್ ಸ್ಪ್ರೇ, ಉಬ್ಬಸಕ್ಕೆ ಬುಡೆಸೊನೈಡ್, ಮಂಡಿನೋವಿಗೆ ಟ್ರಯಾಮ್ಸಿನೊಲೋನ್ ಇಂಜೆಕ್ಷನ್. ಬೇರೆಯವರಲ್ಲಿ ಇವನ್ನು ಲಿವರ್ ಬೇಗ ಒಡೆದು ಹಾಕುತ್ತದೆ. ರಿಟೊನಾವಿರ್ ಆ ಒಡೆಯುವ ಕೆಲಸವನ್ನೇ ನಿಲ್ಲಿಸುವುದರಿಂದ ಒಂದೇ ಇಂಜೆಕ್ಷನ್ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಮುಖ ಗುಂಡಗಾಗುತ್ತದೆ, ಕತ್ತಿನ ಹಿಂದೆ ಗಡ್ಡೆಯಂತೆ ಕೊಬ್ಬು ಬೆಳೆಯುತ್ತದೆ, ಸಕ್ಕರೆ ಏರುತ್ತದೆ; ನೋಡಿದವರು ಎಆರ್‌ಟಿಯಿಂದ ಕೊಬ್ಬು ಸ್ಥಳ ಬದಲಿಸಿದೆ ಎಂದುಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೈಯ ಸ್ವಂತ ಸ್ಟೀರಾಯ್ಡ್ ತಯಾರಿಕೆ ಇಷ್ಟರಲ್ಲಿ ಮಲಗಿರುತ್ತದೆ, ಸ್ಪ್ರೇಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯಬಹುದು. ಸೇದುವ ಸ್ಟೀರಾಯ್ಡ್ ಬೇಕೇ ಬೇಕೆಂದರೆ ಇವರಿಗೆ ಬೆಕ್ಲೊಮೆಥಾಸೋನ್ ಸುರಕ್ಷಿತ ಆಯ್ಕೆ.

ಮೆಟ್‌ಫಾರ್ಮಿನ್ ಮತ್ತು ಉಳಿದವು

ಮಧುಮೇಹ ಖಚಿತವಾದ ಮೇಲೆ ಮೊದಲ ಮಾತ್ರೆ ಸಾಮಾನ್ಯವಾಗಿ ಮೆಟ್‌ಫಾರ್ಮಿನ್. ಎಚ್‌ಐವಿ ಇರುವವರಿಗೂ ಅದು ಒಳ್ಳೆಯ ಔಷಧವೇ, ಪ್ರಮಾಣ ಮಾತ್ರ ಬೇರೆ. ಮೆಟ್‌ಫಾರ್ಮಿನ್ ಕಿಡ್ನಿಯ ಮೂಲಕ ಹೊರಹೋಗುವ ದಾರಿಯನ್ನು ಡೊಲುಟೆಗ್ರಾವಿರ್ ತಡೆಯುತ್ತದೆ. ದಿನಕ್ಕೊಮ್ಮೆ 50 ಮಿಲಿಗ್ರಾಂ ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರ ರಕ್ತದಲ್ಲಿ ಮೆಟ್‌ಫಾರ್ಮಿನ್ ಸುಮಾರು ಶೇಕಡಾ 79ರಷ್ಟು ಹೆಚ್ಚುತ್ತದೆ. ಅಂದರೆ 1000 ಮಿಲಿಗ್ರಾಂ ನುಂಗಿದರೆ ಹತ್ತಿರ ಹತ್ತಿರ 1800ರ ಪರಿಣಾಮ. ಆದ್ದರಿಂದ ದಿನಕ್ಕೆ ಒಟ್ಟು 1000 ಮಿಲಿಗ್ರಾಂ ಮೀರಬಾರದು ಎಂಬುದು ನಿಯಮ. ಊಟದ ಜೊತೆ 500ರಿಂದ ಶುರು ಮಾಡಿ, ಒಂದೆರಡು ವಾರ ನೋಡಿ, ಬೇಕಾದರೆ ಬೆಳಿಗ್ಗೆ 500, ರಾತ್ರಿ 500. ಬಿಕ್ಟೆಗ್ರಾವಿರ್ ಕೂಡ ಇದೇ ದಾರಿಯಲ್ಲಿ ಅಡ್ಡ ಬರುತ್ತದೆ, ಅದರಲ್ಲಿ ಏರಿಕೆ ಶೇಕಡಾ 39ರಷ್ಟು.

ಎಡವಟ್ಟಾಗುವುದು ಮೂರು ಕಡೆ. ಮೊದಲೇ ದಿನಕ್ಕೆ 2000 ತೆಗೆದುಕೊಳ್ಳುತ್ತಿದ್ದವರ ಎಚ್‌ಐವಿ ಮಾತ್ರೆ ಡೊಲುಟೆಗ್ರಾವಿರ್‌ಗೆ ಬದಲಾಗುತ್ತದೆ, ಮೆಟ್‌ಫಾರ್ಮಿನ್ ಹಾಗೇ ಉಳಿಯುತ್ತದೆ. ವಾರದೊಳಗೆ ಭೇದಿ, ವಾಕರಿಕೆ ಶುರು. ತಪ್ಪನ್ನು ಹೊಸ ಎಚ್‌ಐವಿ ಮಾತ್ರೆಯ ಮೇಲೆ ಹಾಕಿ ಅದನ್ನೇ ಬಿಟ್ಟುಬಿಡುತ್ತಾರೆ. ಎರಡನೆಯದು, ಮೆಟ್‌ಫಾರ್ಮಿನ್ ಬೇರೆ ಹೆಸರಿನ ಜೋಡಿ ಮಾತ್ರೆಯೊಳಗೆ ಅಡಗಿರುತ್ತದೆ. ಗ್ಲಿಮೆಪಿರೈಡ್ ಅಥವಾ ಸಿಟಾಗ್ಲಿಪ್ಟಿನ್ ಎಂಬ ಬೇರೆ ಸಕ್ಕರೆ ಔಷಧದ ಜೊತೆ ಸೇರಿಸಿದ ಮಾತ್ರೆಯ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವ ಮಿಲಿಗ್ರಾಮನ್ನು ಓದಿ, ದಿನಕ್ಕೆ ಎಷ್ಟಾಯಿತು ಎಂದು ಕೂಡಿಸಲೇಬೇಕು. ಮೂರನೆಯದು ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್. ಡೊಲುಟೆಗ್ರಾವಿರ್ ಶುರುವಾದ ಮೊದಲ ನಾಲ್ಕು ವಾರಗಳಲ್ಲಿ ಕ್ರಿಯಾಟಿನಿನ್ 0.1ರಿಂದ 0.2ರಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಕಿಡ್ನಿ ಸೋಸುವ ಕೆಲಸ ಹಾಗೇ ಇರುತ್ತದೆ, ಹೊರಹಾಕುವ ಒಂದು ಸಣ್ಣ ದಾರಿ ಮಾತ್ರ ಮುಚ್ಚಿರುತ್ತದೆ. ಇದು ಗೊತ್ತಿಲ್ಲದವರು ಕಿಡ್ನಿ ಕೆಟ್ಟಿತೆಂದು ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ. ಸೋಂಕು ತಡೆಯಲು ಕೊಡುವ ಕೋಟ್ರೈಮಾಕ್ಸಜೋಲ್ ಕೂಡ ಕ್ರಿಯಾಟಿನಿನ್ ಅನ್ನು ಹೀಗೇ ಏರಿಸುತ್ತದೆ. ನಾಲ್ಕು ವಾರದ ನಂತರದ ಅಂಕಿಯನ್ನು ಹೊಸ ಆಧಾರವೆಂದು ಗುರುತಿಟ್ಟುಕೊಂಡು, ಅಲ್ಲಿಂದ ಮುಂದೆ ಏರುತ್ತದೆಯೇ ಎಂದು ನೋಡಬೇಕು. ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) ನಿಜವಾಗಿಯೂ 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ಸಲ್ಲದು; 30ರಿಂದ 45ರ ನಡುವೆ ಹೊಸದಾಗಿ ಶುರು ಮಾಡಬಾರದು.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತೆಗೆದುಕೊಳ್ಳುವವರು ಕೋಟ್ರೈಮಾಕ್ಸಜೋಲ್ ಕೂಡ ನುಂಗುತ್ತಿದ್ದರೆ, ಅದರಲ್ಲೂ ಕಿಡ್ನಿ ದುರ್ಬಲವಿದ್ದರೆ, ಸಕ್ಕರೆ ಧುತ್ತನೆ ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದಾಗ ನೋಡಿ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲುಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದಾಗ ಇದಕ್ಕೆ ತದ್ವಿರುದ್ಧ: ಈ ಸಕ್ಕರೆ ಮಾತ್ರೆಗಳು ಬೇಗ ಕರಗಿ ಸಕ್ಕರೆ ಏರುತ್ತದೆ, ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಕ್ಷಯದ ಚಿಕಿತ್ಸೆ ಮುಗಿದ ಒಂದೆರಡು ವಾರದಲ್ಲಿ ಅದೇ ಹೆಚ್ಚಿಸಿದ ಪ್ರಮಾಣ ಮುಳುವಾಗುತ್ತದೆ. ಆ ಎರಡು ವಾರ ಮನೆಯಲ್ಲಿ ದಿನವೂ ಸಕ್ಕರೆ ನೋಡಿಕೊಳ್ಳಿ. ಸಿಟಾಗ್ಲಿಪ್ಟಿನ್‌ಗೆ ಎಚ್‌ಐವಿ ಔಷಧಗಳ ಜೊತೆ ಅಂಥ ಜಗಳವಿಲ್ಲ. ರಿಟೊನಾವಿರ್ ಇದ್ದವರಿಗೆ ಸ್ಯಾಕ್ಸಾಗ್ಲಿಪ್ಟಿನ್ ದಿನಕ್ಕೆ 2.5 ಮಿಲಿಗ್ರಾಂ ಮೀರಬಾರದು.

ಇನ್ಸುಲಿನ್‌ಗೆ ಯಾವ ಎಆರ್‌ಟಿ ಮಾತ್ರೆಯ ಅಡ್ಡಿಯೂ ಇಲ್ಲ. ಕೊಬ್ಬು ಕರಗಿದ ತೊಡೆ, ತೋಳಿಗೆ ಚುಚ್ಚುವಾಗ ಮಾತ್ರ ಎಚ್ಚರ ಬೇಕು. ಚರ್ಮದಡಿ ಕೊಬ್ಬೇ ಇಲ್ಲದ ಕಡೆ ಉದ್ದದ ಸೂಜಿ ನೇರ ಸ್ನಾಯುವಿಗೆ ಹೋಗುತ್ತದೆ, ಇನ್ಸುಲಿನ್ ಬೇಗ ಹೀರಿಕೊಂಡು ಸಕ್ಕರೆ ಕುಸಿಯುತ್ತದೆ. 4 ಮಿಲಿಮೀಟರ್ ಸೂಜಿ ಬಳಸಿ, ಎರಡು ಬೆರಳಲ್ಲಿ ಚರ್ಮ ಎತ್ತಿ ಹಿಡಿದು, ಹೊಟ್ಟೆಯ ಮೇಲೆ ಜಾಗ ಬದಲಿಸುತ್ತ ಚುಚ್ಚಿ.

ಕಬ್ಬಿಣ, ಕ್ಯಾಲ್ಸಿಯಂ, ಸತುವಿನ ಮಾತ್ರೆ ಮತ್ತು ಎದೆಯುರಿಯ ಆಂಟಾಸಿಡ್ ಬಗ್ಗೆ ಒಂದು ಮಾತು. ಇವು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ಹೀರಿಕೊಳ್ಳದಂತೆ ಮಾಡುತ್ತವೆ. ಡೊಲುಟೆಗ್ರಾವಿರ್ ಇವಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಇರಲಿ. ‘ಸಕ್ಕರೆಗೆ ಒಳ್ಳೆಯದು’ ಎಂದು ಯಾರೋ ಕೊಟ್ಟ ಪೌಷ್ಟಿಕ ಪುಡಿಯಲ್ಲೂ ಈ ಖನಿಜಗಳೇ ಇರುತ್ತವೆ.

ಕಾಲು ಉರಿ, ಮೂತ್ರದ ಸಕ್ಕರೆ

ಪಾದ ಉರಿಯುತ್ತಿದೆ, ಜೋಮು ಹಿಡಿದಿದೆ ಎಂದರೆ ಕಾರಣ ಒಂದೇ ಎಂದು ತಿಳಿಯಬೇಡಿ. ಎಚ್‌ಐವಿಯೇ ನರ ಕೆಡಿಸುತ್ತದೆ, ಹಿಂದೆ ತೆಗೆದುಕೊಂಡ ಸ್ಟಾವುಡಿನ್ ಕೆಡಿಸಿರಬಹುದು, ಕ್ಷಯ ತಡೆಗೆ ನುಂಗಿದ ಐಸೋನಿಯಾಜಿಡ್ ಬಿ6 ಕೊರತೆ ತಂದಿರಬಹುದು, ವರ್ಷಗಟ್ಟಲೆಯ ಮೆಟ್‌ಫಾರ್ಮಿನ್‌ನಿಂದ ಬಿ12 ಇಳಿದಿರಬಹುದು, ಮಧುಮೇಹವೂ ಇರಬಹುದು. ಇವುಗಳಲ್ಲಿ ಬಿ6, ಬಿ12 ಸರಿಪಡಿಸಬಹುದಾದವು, ಅವನ್ನು ಮೊದಲು ನೋಡಿಸಿ. ಕಾರಣ ಯಾವುದಾದರೂ ಮರಗಟ್ಟಿದ ಪಾದಕ್ಕೆ ಗಾಯ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಬೆರಳ ಸಂದುಗಳನ್ನೂ ಅಂಗಾಲನ್ನೂ ಬೆಳಕಿನಲ್ಲಿ ನೋಡಿಕೊಳ್ಳುವುದು ಅಭ್ಯಾಸವಾಗಲಿ.

ಮೂತ್ರದಲ್ಲಿ ಸಕ್ಕರೆ ಕಂಡು ರಕ್ತದ ಸಕ್ಕರೆ ನಾರ್ಮಲ್ ಇದ್ದರೆ ಅದು ಮಧುಮೇಹದಿಂದ ಬಂದದ್ದಲ್ಲದಿರಬಹುದು. ಟೆನೊಫೊವಿರ್ ಡೈಸೊಪ್ರಾಕ್ಸಿಲ್ ತೆಗೆದುಕೊಳ್ಳುವವರಲ್ಲಿ, ಆ ಮಾತ್ರೆ ಕಿಡ್ನಿಯ ಸಣ್ಣ ನಳಿಕೆಗಳಿಗೆ ಪೆಟ್ಟು ಕೊಟ್ಟಿರುವ ಸೂಚನೆ ಅದಾಗಿರಬಹುದು. ಆಗ ಸೋರಿಹೋಗಬಾರದ ಸಕ್ಕರೆ, ಫಾಸ್ಫೇಟ್, ಪ್ರೋಟೀನು ಸೋರುತ್ತಿರುತ್ತವೆ. ರಕ್ತದ ಫಾಸ್ಫೇಟ್ ಮತ್ತು ಕ್ರಿಯಾಟಿನಿನ್ ಕೂಡಲೇ ನೋಡಿಸಬೇಕು. ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೂತ್ರದ ಸಕ್ಕರೆ ನಿರೀಕ್ಷಿತವೇ, ಆ ಮಾತ್ರೆಯ ಕೆಲಸವೇ ಅದು.

ಹೃದಯದ ವಿಷಯದಲ್ಲಿ ರಿಪ್ರೀವ್ ಎಂಬ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. 40ರಿಂದ 75 ವಯಸ್ಸಿನ 7769 ಎಚ್‌ಐವಿ ಪೀಡಿತರಲ್ಲಿ ದಿನಕ್ಕೆ 4 ಮಿಲಿಗ್ರಾಂ ಪಿಟವಾಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ) ಪಡೆದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಶೇಕಡಾ 35 ಕಡಿಮೆಯಾದವು. ಮಧುಮೇಹ ಸ್ವಲ್ಪ ಹೆಚ್ಚಿತು, ಶೇಕಡಾ 4.0 ಇದ್ದದ್ದು 5.3. ಲಾಭ ನಷ್ಟ ತೂಗಿದರೆ ಸ್ಟಾಟಿನ್ ಬಿಡುವುದಕ್ಕೆ ಇದು ಕಾರಣವಲ್ಲ ಎಂಬುದೇ ನನ್ನ ಅಭಿಪ್ರಾಯ. ರಿಟೊನಾವಿರ್ ಜೊತೆ ಸಿಮ್ವಾಸ್ಟಾಟಿನ್ ಮಾತ್ರ ಕೂಡದು, ಸ್ನಾಯು ಕರಗಿ ಕಿಡ್ನಿಗೆ ಕುತ್ತು ತರುತ್ತದೆ.

ಹೇಳುವುದೋ ಬೇಡವೋ

ಮೇಲೆ ಹೇಳಿದ ಬಹುತೇಕ ಅನಾಹುತಗಳ ಬೇರು ಒಂದೇ: ಸಕ್ಕರೆಯ ವೈದ್ಯರಿಗೆ ಎಚ್‌ಐವಿ ಮಾತ್ರೆಯ ವಿಷಯ ಗೊತ್ತಿಲ್ಲ, ಎಚ್‌ಐವಿ ಕೇಂದ್ರಕ್ಕೆ ಸಕ್ಕರೆ ಮಾತ್ರೆಯ ವಿಷಯ ಗೊತ್ತಿಲ್ಲ. ಹೇಳಿಕೊಳ್ಳಲು ಆಗುವ ಸಂಕಟ ನಿಜವಾದದ್ದು. ಯಾರನ್ನೂ ಅದಕ್ಕಾಗಿ ದೂರಬಾರದು. ಹೇಳಲು ಮನಸ್ಸಿಲ್ಲದಿದ್ದರೆ ಸುತ್ತು ದಾರಿಯೊಂದಿದೆ. ಸಕ್ಕರೆಯ ವೈದ್ಯರು ಬರೆದ ಚೀಟಿಯನ್ನು ಅಂಗಡಿಗೆ ಒಯ್ಯುವ ಮೊದಲು ಎಚ್‌ಐವಿ ವೈದ್ಯರಿಗೆ ಅಥವಾ ಅಲ್ಲಿನ ಔಷಧ ವಿತರಕರಿಗೆ ತೋರಿಸಿ, ಪ್ರಮಾಣ ಸರಿಯಿದೆಯೇ ಎಂದು ಕೇಳಿ. ಅವರಿಗೆ ನಿಮ್ಮ ವಿಷಯ ಗೊತ್ತೇ ಇದೆ. ಇಂಜೆಕ್ಷನ್ ಕೊಡಲು ಬಂದವರಿಗೆ ಮಾತ್ರ ‘ನಾನು ತೆಗೆದುಕೊಳ್ಳುವ ಮಾತ್ರೆಗೆ ಸ್ಟೀರಾಯ್ಡ್ ಆಗಿಬರುವುದಿಲ್ಲ’ ಎಂದಾದರೂ ಹೇಳಿ, ಏಕೆಂದರೆ ಕೊಟ್ಟ ಮೇಲೆ ಅದನ್ನು ವಾಪಸ್ ತೆಗೆಯಲಾಗದು.

ಸಕ್ಕರೆ ಏರಿತೆಂದು ಎಚ್‌ಐವಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಚಿಕಿತ್ಸೆಯನ್ನು ನಡುನಡುವೆ ನಿಲ್ಲಿಸಿ ನೋಡಿದ ಸ್ಮಾರ್ಟ್ ಎಂಬ ದೊಡ್ಡ ಪ್ರಯೋಗದಲ್ಲಿ ನಿಲ್ಲಿಸಿದವರಲ್ಲೇ ಸಾವು, ಹೃದಯದ ತೊಂದರೆ, ಕಿಡ್ನಿಯ ತೊಂದರೆ ಹೆಚ್ಚಾದದ್ದು 2006ರಲ್ಲೇ ಗೊತ್ತಾಗಿದೆ. ಮಾತ್ರೆ ಬದಲಿಸಬೇಕಾದರೆ ವೈದ್ಯರು ಬದಲಿಸುತ್ತಾರೆ, ನಡುವೆ ಒಂದು ದಿನವೂ ಖಾಲಿ ಬಿಡದಂತೆ.

ವಾಂತಿ ಭೇದಿ ಹಿಡಿದು ನೀರು ನಿಲ್ಲದ ದಿನಗಳಲ್ಲಿ ನಿಲ್ಲಿಸಬೇಕಾದವು ಬೇರೆ. ಮೆಟ್‌ಫಾರ್ಮಿನ್ ಮತ್ತು ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು ಆ ದಿನ ಬಿಡಿ, ಊಟ ಸೇರಲು ಶುರುವಾದ ಮೇಲೆ ಮತ್ತೆ ಹಿಡಿಯಿರಿ. ದೀರ್ಘಕಾಲದ ಇನ್ಸುಲಿನ್ ಪೂರ್ತಿ ಬಿಡಬೇಡಿ, ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡುತ್ತಿರಿ. ಎಚ್‌ಐವಿ ಮಾತ್ರೆ ನುಂಗಿದ ಕೆಲವೇ ನಿಮಿಷಗಳಲ್ಲಿ ವಾಂತಿಯಾಗಿ ಮಾತ್ರೆ ಹೊರಬಂದರೆ ಇನ್ನೊಂದು ನುಂಗಿ. ಅದೂ ನಿಲ್ಲದಿದ್ದರೆ, ಮರುದಿನಕ್ಕೆ ಕಾಯದೆ, ಎರಡೂ ಔಷಧಗಳ ಹಾಳೆಗಳನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ.